ಸಕಾರವನ್ನು ಪಳಗಿಸಿದ ಕಥೆ

ಧ್ವನಿಮುದ್ರಣ ಕೇಂದ್ರವೊಂದರಲ್ಲಿ ದುಡಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಮನೆಗೆ ಬಂದಿದ್ದಾಗ ತನ್ನ ವೃತ್ತಿಯ ಕಷ್ಟಸುಖಗಳನ್ನು ಹೇಳಿಕೊಂಡ. ಗಾಯಕರ ದನಿ, ಪಿಟೀಲು, ಕೊಳಲು, ತಬಲಗಳನ್ನು ಬೇರೆ ಬೇರೆಯಾಗಿ ಮುದ್ರಿಸಿಕೊಂಡು ಹದವರಿತು ಬೆರೆಸುವುದಕ್ಕೆ ಮಿಕ್ಸಿಂಗ್ ಎಂದು ಹೆಸರು. ಬೆರೆಸಿದ್ದಕ್ಕೆ ಹೊರಗೆ ಕಳುಹಿಸುವ ಮುನ್ನ ಕೊನೆಯ ಒಪ್ಪ ಕೊಡುವುದು ಮಾಸ್ಟರಿಂಗ್. ಈ ಎರಡು ಹಂತಗಳಲ್ಲಿಯೂ ಅವನ ಹೆಚ್ಚಿನ ಹೊತ್ತು ಕಳೆಯುವುದು ಒಂದೇ ಕೆಲಸದಲ್ಲಂತೆ: ಕಿವಿಗೆ ಚುಚ್ಚುವ ಕರ್ಕಶವನ್ನು ತಗ್ಗಿಸುವುದು. "ಎಲ್ಲ ಈ ಕಂಪ್ಯೂಟರಿನ ಕಾಟ ಸಾರ್, ಹಿಂದಿನವರಿಗೆ ಈ ತೊಂದರೆಯೇ ಇರಲಿಲ್ಲ" ಎಂಬುದು ಅವನ ಅಭಿಪ್ರಾಯ. ಆದರೆ ಈ ತೊಂದರೆಗೆ ಆಗಲೇ ನೂರು ವರ್ಷ ತುಂಬಿದೆ. ಅವನಿಗೆ ಅಂದು ಅರ್ಧಕ್ಕೆ ಹೇಳಿ ನಿಲ್ಲಿಸಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಭೌತಶಾಸ್ತ್ರ. ನೀರು ತುಂಬಿದ ಜಾಡಿಯಲ್ಲಿ ಕೊಳವೆಯೊಂದನ್ನು ಏರಿಸಿ ಇಳಿಸಿ, ಅದರ ಬಾಯಿಯ ಮೇಲೆ ಶ್ರುತಿಕವೆಯನ್ನು ಹಿಡಿದು ಅನುರಣನವನ್ನು ತೋರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಒಂದು ತುದಿ ಮುಚ್ಚಿದ ಕೊಳವೆಯು ತನ್ನ ಉದ್ದದ ನಾಲ್ಕರಷ್ಟು ತರಂಗದೂರವಿರುವ ನಾದಕ್ಕೆ ಜೋರಾಗಿ ದನಿಗೂಡಿಸುತ್ತದೆ. ನಮ್ಮ ಕಿವಿಯ ನಾಳವೂ ಅಂಥದೇ ಒಂದು ಕೊಳವೆ. ಉದ್ದ ಸುಮಾರು 2.5 ಸೆಂಟಿಮೀಟರ್; ಒಳತುದಿಯನ್ನು ತಮಟೆ ಮುಚ್ಚಿದೆ. ನಾಲ್ಕರಿಂದ ಗುಣಿಸಿದರೆ 10 ಸೆಂಟಿಮೀಟರ್; ಶಬ್ದದ ವೇಗ ಸೆಕೆಂಡಿಗೆ 340 ಮೀಟರ್; ಭಾಗಿಸಿದರೆ 3,400 ಹರ್ಟ್ಸ್. ಈ ಆವೃತ್ತಿಯ ಆಸುಪಾಸಿನ ಶಬ್ದವನ್ನು ನಾವು ಕೇಳುವ ಮೊದಲೇ ಕಿವಿಯು ತಾನಾಗಿ ಹಿಗ್ಗಿಸಿಕೊಡುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹಾರ್ವೆ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಇದನ್ನು ಅಳೆದು ವಕ್ರರೇಖೆಗಳಲ್ಲಿ ಬರೆದಿಟ್ಟರು. ಈಗಿನ ಅಳತೆಗಳ ಪ್ರಕಾರ, 100 ಹರ್ಟ್ಸಿನ ನಾದವೊಂದು ಕೇಳಿಸಿತು ಎನ್ನಿಸಬೇಕಾದರೆ 3,500 ಹರ್ಟ್ಸಿನ ನಾದಕ್ಕಿಂತ ಸುಮಾರು 30 ಡೆಸಿಬಲ್, ಅಂದರೆ ಶಕ್ತಿಯಲ್ಲಿ ಸಾವಿರ ಪಟ್ಟು, ಹೆಚ್ಚು ಬೇಕು.

ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರುಗುಟ್ಟಿದಾಗ ಇಡೀ ತರಗತಿ ಹಲ್ಲು ಕಚ್ಚಿ ಕಿವಿ ಮುಚ್ಚಿಕೊಳ್ಳುತ್ತಿದ್ದುದಕ್ಕೂ ಇಲ್ಲಿಯೇ ಉತ್ತರವಿದೆ. 1986ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇಂತಹ ಕೆರೆತದ ಶಬ್ದವನ್ನು ಮುದ್ರಿಸಿ, ಅದರ ಅತಿ ತಾರವಾದ ಭಾಗವನ್ನು ತೆಗೆದುಹಾಕಿ ಜನರಿಗೆ ಕೇಳಿಸಿದರು. ಅಸಹ್ಯವೇನೂ ಕಡಿಮೆಯಾಗಲಿಲ್ಲ. 2011ರಲ್ಲಿ ಯೂರೋಪಿನ ಇಬ್ಬರು ವಿದ್ವಾಂಸರು ಮತ್ತೆ ಪರೀಕ್ಷಿಸಿ, ಉಪದ್ರವದ ಮೂಲ 2,000ದಿಂದ 4,000 ಹರ್ಟ್ಸಿನ ನಡುವೆ ಇದೆ ಎಂದು ಹೇಳಿದರು. (ಸೀಮೆಸುಣ್ಣವನ್ನು ಎರಡು ತುಂಡು ಮಾಡಿದರೆ ಕಿರುಗುಟ್ಟುವುದು ನಿಲ್ಲುತ್ತದೆಂಬುದು ಉಪಾಧ್ಯಾಯರಿಗೆಲ್ಲ ಯಾವ ಸಂಶೋಧನೆಯೂ ಇಲ್ಲದೆ ಗೊತ್ತಿತ್ತು.)

ಆದರೆ ಮಾತಿನ ವ್ಯಂಜನಗಳ ಸ್ಪಷ್ಟತೆ ನೆಲಸಿರುವುದೂ ಇದೇ ಪ್ರದೇಶದಲ್ಲಿ ಮತ್ತು ಇದರ ಮೇಲ್ಗಡೆಯಲ್ಲಿ. ಸ್ವರಗಳು ಮಾತಿಗೆ ಮೈ ಕೊಡುತ್ತವೆ. ಆದರೆ 'ಕ' ಯಾವುದು, 'ತ' ಯಾವುದು, 'ಸ' ಯಾವುದು ಎಂದು ತಿಳಿಸುವುದು ಈ ಮೇಲಿನ ಪಟ್ಟಿ. ಕರ್ಕಶವೂ ಸ್ಪಷ್ಟತೆಯೂ ಒಂದೇ ಮನೆಯ ಬಾಡಿಗೆದಾರರು. ಒಬ್ಬನನ್ನು ಹೊರಗೆ ಹಾಕಲು ಹೋದರೆ ಇನ್ನೊಬ್ಬನೂ ಗಂಟುಮೂಟೆ ಕಟ್ಟುತ್ತಾನೆ. ನೂರು ವರ್ಷಗಳ ತಂತ್ರಜ್ಞರ ಪಾಡೆಲ್ಲ ಈ ಒಂದು ಇಕ್ಕಟ್ಟಿನಿಂದ ಹುಟ್ಟಿದ್ದು.

1877ರಲ್ಲಿ ಎಡಿಸನ್ ಧ್ವನಿಯನ್ನು ಹಿಡಿದಿಟ್ಟಾಗಿನಿಂದ ಸುಮಾರು ಅರ್ಧ ಶತಮಾನದವರೆಗೆ ಈ ಇಕ್ಕಟ್ಟು ಇರಲಿಲ್ಲ. ಏಕೆಂದರೆ ಆ ಮೇಲಿನ ಪಟ್ಟಿಯೇ ಮುದ್ರಣವಾಗುತ್ತಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡಾಗ ಅಲ್ಲಿ ವಿದ್ಯುತ್ ಧ್ವನಿಗ್ರಾಹಕ ಇರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ಆ ಗಾಳಿಯ ಅಲುಗಾಟವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಸುಮಾರು 2,000 ಹರ್ಟ್ಸಿನಿಂದ ಆಚೆಗೆ ಆ ಸೂಜಿಗೆ ಹೆಚ್ಚೇನೂ ತಲುಪುತ್ತಿರಲಿಲ್ಲ. ಆ ಕಾಲದ ತಟ್ಟೆಗಳಲ್ಲಿ ದನಿ ದೂರದ ಕೋಣೆಯಿಂದ ಬಂದಂತೆ ಇರುತ್ತದೆ, ಸೂಜಿಯ ಉಜ್ಜಾಟ ಮಳೆಯಂತೆ ಸುರಿಯುತ್ತದೆ, ಆದರೆ ಹಾಡುವವರ ಸಕಾರ ಚುಚ್ಚಿತೆಂದು ಯಾರೂ ದೂರುವಂತಿಲ್ಲ.

1925ರಲ್ಲಿ ವಿದ್ಯುತ್ ಮುದ್ರಣ ಬಂದಿತು. ಧ್ವನಿಗ್ರಾಹಕ ಮತ್ತು ವರ್ಧಕಗಳ ಬಲದಿಂದ ಮುದ್ರಣದ ವ್ಯಾಪ್ತಿ ಒಮ್ಮೆಗೇ ಸುಮಾರು 5,000 ಹರ್ಟ್ಸಿಗೆ ಏರಿತು. ಜನ ಕುಣಿದಾಡಿರಬೇಕು ಎಂದುಕೊಳ್ಳುತ್ತೇವೆ. ಆದರೆ ಇಂಗ್ಲೆಂಡಿನಲ್ಲಿ 'ದಿ ಗ್ರಾಮಫೋನ್' ಪತ್ರಿಕೆಯನ್ನು ನಡೆಸುತ್ತಿದ್ದ ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿ ಅದೇ ವರ್ಷ ಕಿಡಿಕಾರಿದರು. ಹೊಸ ಪದ್ಧತಿಯಲ್ಲಿ ಸಕಾರಗಳು ಸಹಿಸಲಾಗದಷ್ಟು ಉಬ್ಬಿವೆ, ದನಿಯಲ್ಲಿ ಒರಟುತನ ಸೇರಿದೆ ಎಂಬುದು ಅವರ ಆಕ್ಷೇಪ. ಅರ್ಧ ಶತಮಾನ ಕಾಣದೆ ಇದ್ದ 'ಸ' ಮನೆಗೆ ಮರಳಿದ ದಿನವೇ ಅದನ್ನು ಬೈದು ಬಾಗಿಲು ಹಾಕುವ ಮಾತು! ಅವರನ್ನು ಹಳೆಯ ಕಾಲದವರೆಂದು ನಗುವಂತಿಲ್ಲ. ಹೊಸ ತಟ್ಟೆಗಳನ್ನು ಬಹುಪಾಲು ಜನ ಹಳೆಯ ಕಹಳೆಯ ಪೆಟ್ಟಿಗೆಗಳಲ್ಲಿಯೇ ನುಡಿಸುತ್ತಿದ್ದರು; ಅವುಗಳ ಅನುರಣನವೂ ಕೂಡಿ ಕಿವಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು.

ನಮ್ಮ ವ್ಯಾಕರಣದಲ್ಲಿ ಶ, ಷ, ಸ, ಹ ಅಕ್ಷರಗಳಿಗೆ ಊಷ್ಮಗಳೆಂದು ಹೆಸರು. ಊಷ್ಮವೆಂದರೆ ಬಿಸಿ, ಉಗಿ. ಬಾಯಿಯ ಕಿರಿದಾದ ಸಂದಿಯಿಂದ ಗಾಳಿ ಬುಸುಗುಟ್ಟಿ ಹೊರಬರುವುದನ್ನು ಕಂಡು ಪ್ರಾಚೀನರು ಇವನ್ನು ಪ್ರತ್ಯೇಕವಾಗಿ ಕೂರಿಸಿದರು. ಇಪ್ಪತ್ತನೆಯ ಶತಮಾನದ ಧ್ವನಿತಂತ್ರಜ್ಞರಿಗೂ ತಲೆನೋವಾದದ್ದು ಇದೇ ಗುಂಪು, ಹಕಾರವೊಂದನ್ನು ಬಿಟ್ಟರೆ.

ಮೊದಮೊದಲಿಗೆ ಕಂಡುಕೊಂಡ ಪರಿಹಾರ ಬಹಳ ಒರಟಾದದ್ದು. ಚಲನಚಿತ್ರ ಮಾತನಾಡಲಾರಂಭಿಸಿದ ಮೇಲೆ, ಫಿಲ್ಮಿನ ಅಂಚಿನಲ್ಲಿ ಬೆಳಕಿನಿಂದ ಬರೆದ ಧ್ವನಿಪಥದ ಸೀಳುದನಿ ಮತ್ತು ಸದ್ದುಗಳನ್ನು ಅಡಗಿಸಲು ಅಮೆರಿಕದ ಚಲನಚಿತ್ರ ಅಕಾಡೆಮಿಯು 1938ರಲ್ಲಿ ಚಿತ್ರಮಂದಿರಗಳಿಗೆ ಒಂದು ಮಾನದಂಡವನ್ನು ಗೊತ್ತುಮಾಡಿತು: ಸುಮಾರು 2,000 ಹರ್ಟ್ಸಿನಿಂದ ಮೇಲಕ್ಕೆ ಎಲ್ಲವನ್ನೂ ಇಳಿಜಾರಾಗಿ ತಗ್ಗಿಸಿಬಿಡುವುದು. ಒಬ್ಬ ಹುಡುಗ ಗಲಾಟೆ ಮಾಡಿದನೆಂದು ಇಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸಿದಂತೆ. ಈ ಶಿಕ್ಷೆ 1970ರ ದಶಕದವರೆಗೂ ಮುಂದುವರಿಯಿತು. ನಾವು ಬಾಲ್ಯದಲ್ಲಿ ಡೇರೆಯ ಟಾಕೀಸುಗಳಲ್ಲಿ ಕೇಳಿದ ದನಿಯ ಮಬ್ಬಿಗೆ ಹರಿದ ಪರದೆ, ಹಳೆಯ ಪ್ರತಿ ಮುಂತಾದ ಕಾರಣಗಳು ಹಲವಿದ್ದರೂ ಆ ಬೆಳಕಿನ ಧ್ವನಿಪಥದ ಮಿತಿಯೂ ಅವುಗಳಲ್ಲೊಂದು.

ನಿಜವಾದ ಜಾಣ್ಮೆ ಬೆಳೆದದ್ದು ಧ್ವನಿತಟ್ಟೆಯ ಕಾರ್ಯಾಗಾರದಲ್ಲಿ. 1948ರಲ್ಲಿ ನಿಮಿಷಕ್ಕೆ 33⅓ ಸುತ್ತಿನ ಎಲ್.ಪಿ. ತಟ್ಟೆ ಬಂದಿತು. 1954ರಲ್ಲಿ ಅಮೆರಿಕದ ಮುದ್ರಿಕೆ ತಯಾರಕರ ಸಂಘವು ಒಂದು ಸಮಾನ ನಿಯಮವನ್ನು ಒಪ್ಪಿಕೊಂಡಿತು. ಗೆರೆ ಕೊರೆಯುವಾಗ ಮೇಲಿನ ಆವೃತ್ತಿಗಳನ್ನು ಬೇಕೆಂದೇ ಎತ್ತುವುದು. ನುಡಿಸುವಾಗ ಅಷ್ಟನ್ನೇ ಇಳಿಸುವುದು. ಇಳಿಸುವಾಗ ತಟ್ಟೆಯ ಸಹಜ ಉಜ್ಜುಸದ್ದೂ ಜೊತೆಗೇ ಇಳಿಯುತ್ತದೆ. ಉಪಾಯ ಸೊಗಸಾಗಿದೆ. ಆದರೆ ಈ ನಿಯಮದಂತೆ 1,000 ಹರ್ಟ್ಸಿಗೆ ಹೋಲಿಸಿದರೆ 10,000 ಹರ್ಟ್ಸಿನ ಶಬ್ದ ಸುಮಾರು 14 ಡೆಸಿಬಲ್, ಪಾರದಲ್ಲಿ ಹತ್ತಿರಹತ್ತಿರ ಐದು ಪಟ್ಟು, ಹಿಗ್ಗುತ್ತದೆ. ಗಾಯಕಿ ಒಂದು 'ಸ' ಎಂದರೆ ಸಾಕು, ಕೊರೆಯುವ ಯಂತ್ರದ ತಲೆಯಲ್ಲಿರುವ ಪುಟ್ಟ ತಂತಿಸುರುಳಿಗಳು ಕಾದು ಸುಟ್ಟುಹೋಗುವ ಭಯ. ಅವನ್ನು ತಣ್ಣಗಿಡಲು ಹೀಲಿಯಂ ಅನಿಲವನ್ನು ಹಾಯಿಸುವ ಏರ್ಪಾಟೂ ಮುಂದೆ ಬಂದಿತು. ಊಷ್ಮಾಕ್ಷರವೆಂಬ ಹೆಸರು ಇಷ್ಟು ಅಕ್ಷರಶಃ ಸಾರ್ಥಕವಾದದ್ದು ಬೇರೆಲ್ಲೂ ಇರಲಾರದು!

ಇನ್ನೊಂದು ಲೆಕ್ಕವನ್ನೂ ಮಾಡಿ. ತಟ್ಟೆಯ ಹೊರಸುತ್ತಿನ ತ್ರಿಜ್ಯ ಸುಮಾರು 14.6 ಸೆಂಟಿಮೀಟರ್, ಒಳಸುತ್ತಿನದು ಸುಮಾರು 6. ತಿರುಗುವ ವೇಗ ಒಂದೇ. ಆದ್ದರಿಂದ ಸೂಜಿಯ ಕೆಳಗೆ ಗೆರೆ ಹೊರಗಡೆ ಸೆಕೆಂಡಿಗೆ 51 ಸೆಂಟಿಮೀಟರ್ ಓಡಿದರೆ ಒಳಗಡೆ 21 ಮಾತ್ರ. 10,000 ಹರ್ಟ್ಸಿನ ಒಂದು ಅಲೆಗೆ ಹೊರಗೆ ಸಿಗುವ ಜಾಗ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗ; ಒಳಗೆ ಐವತ್ತರಲ್ಲೊಂದು. ಅಷ್ಟು ಇಕ್ಕಟ್ಟಿನಲ್ಲಿ ಸೂಜಿ ಸರಿಯಾಗಿ ತಿರುಗಲಾರದೆ ಸಕಾರ ಹರಿದುಹೋಗುತ್ತದೆ. ಹೀಗಾಗಿ ಅಬ್ಬರದ ಹಾಡುಗಳನ್ನು ತಟ್ಟೆಯ ಮೊದಲಿಗೂ ಸೌಮ್ಯವಾದವನ್ನು ಕೊನೆಗೂ ಇಡುವ ರೂಢಿ ಬೆಳೆಯಿತು. ತಟ್ಟೆಗಳ ಕೊನೆಯಲ್ಲಿ ಬರುತ್ತಿದ್ದ ಮೆಲುಹಾಡನ್ನು ಕವಿಹೃದಯದ ಆಯ್ಕೆಯೆಂದು ತಿಳಿದಿದ್ದವರು ಸೂಜಿಯ ಪಾಲನ್ನೂ ಒಪ್ಪಿಕೊಳ್ಳಬೇಕು. ಮಾಸ್ಟರಿಂಗ್ ಎಂಬ ಕಸುಬು ಒಂದು ಸ್ವತಂತ್ರ ವಿದ್ಯೆಯಾಗಿ ರೂಪುಗೊಂಡದ್ದು ಈ ಕೊರೆಯುವ ಕೋಣೆಯಲ್ಲಿಯೇ.

ಇಲ್ಲಿ ನೆರವಿಗೆ ಬಂದ ಸಾಧನ ಡಿ-ಎಸ್ಸರ್. ಇಂಗ್ಲಿಷಿನ 'ಎಸ್' ಅಕ್ಷರವನ್ನು ಅಡಗಿಸುವುದೆಂದು ಅರ್ಥ. ಈಕ್ವಲೈಸರ್ ಎಂಬ ಹಳೆಯ ಸಾಧನವು ಒಂದು ಪಟ್ಟಿಯ ಆವೃತ್ತಿಗಳನ್ನು ಹಾಡಿನ ಉದ್ದಕ್ಕೂ ತಗ್ಗಿಸಿಯೇ ಇಡುತ್ತದೆ. ಡಿ-ಎಸ್ಸರ್ ಹಾಗಲ್ಲ. ಅದು ಬರುತ್ತಿರುವ ಧ್ವನಿಯ ಒಂದು ಕವಲನ್ನು ಸೋಸಿ, ಸುಮಾರು 4,000ದಿಂದ 10,000 ಹರ್ಟ್ಸಿನವರೆಗಿನ ಪಟ್ಟಿಗೆ ಕಿವಿಗೊಟ್ಟು ಕುಳಿತಿರುತ್ತದೆ. ಆ ಪಟ್ಟಿ ಗೊತ್ತುಪಡಿಸಿದ ಮಟ್ಟವನ್ನು ಮೀರಿದ ಕ್ಷಣ ದನಿಯನ್ನು ಅದುಮಿ, ಮರುಕ್ಷಣ ಕೈ ಬಿಡುತ್ತದೆ. ಗಲಾಟೆ ಮಾಡಿದವನನ್ನು ಗಲಾಟೆ ಮಾಡಿದ ಹೊತ್ತಿನಲ್ಲಿ ಮಾತ್ರ ಗದರಿಸುವ ಮೇಷ್ಟ್ರು. ಒರಟು ಶಿಕ್ಷೆಯಿಂದ ಈ ವಿವೇಕಕ್ಕೆ ಬಂದದ್ದು ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಅತಿ ಮುಖ್ಯ ತಿರುವು. ಅನಂತರ 1972ರಲ್ಲಿ ಜಾರ್ಜ್ ಮಾಸೆನ್‌ಬರ್ಗ್ ಎಂಬ ಅಮೆರಿಕದ ತಂತ್ರಜ್ಞರು ಪ್ಯಾರಾಮೆಟ್ರಿಕ್ ಈಕ್ವಲೈಸರನ್ನು ಕುರಿತು ಪ್ರಬಂಧ ಮಂಡಿಸಿದರು. ಯಾವ ಆವೃತ್ತಿ, ಎಷ್ಟು ಅಗಲದ ಪಟ್ಟಿ, ಎಷ್ಟು ತಗ್ಗು, ಮೂರನ್ನೂ ಬೇರೆ ಬೇರೆಯಾಗಿ ತಿರುಗಿಸಿ ಹೊಂದಿಸಬಹುದಾಯಿತು. ನನ್ನ ವಿದ್ಯಾರ್ಥಿ ಇಂದು ಪರದೆಯ ಮೇಲೆ ಎಳೆದಾಡುವ ವಕ್ರರೇಖೆಗೆ ಅದೇ ಪೂರ್ವಜ.

ಇದೇ ವಿವೇಕವನ್ನು ಟೇಪಿನ ಬುಸುಗುಟ್ಟುವಿಕೆಗೆ ಅನ್ವಯಿಸಿದವರು ರೇ ಡಾಲ್ಬಿ. ಅವರು ವಿಶ್ವಸಂಸ್ಥೆಯ ಸಲಹೆಗಾರರಾಗಿ ಎರಡು ವರ್ಷ ನಮ್ಮ ದೇಶದಲ್ಲಿದ್ದವರು. ಇಲ್ಲಿಂದ ಹೋಗಿ 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಪ್ರಯೋಗಾಲಯವನ್ನು ತೆರೆದರು. ಮೆಲುದನಿಯ ಭಾಗಗಳನ್ನು ಮಾತ್ರ ಎತ್ತಿ ಮುದ್ರಿಸಿ, ನುಡಿಸುವಾಗ ಇಳಿಸುವುದು ಅವರ ಕ್ರಮ. ಕ್ಯಾಸೆಟ್ ಯಂತ್ರಗಳ ಮೇಲೆ ಅವರ ಹೆಸರನ್ನು ನೀವೆಲ್ಲ ನೋಡಿದ್ದೀರಿ.

ಇಷ್ಟೆಲ್ಲ ಸೂಕ್ಷ್ಮ ಸಾಧನಗಳ ನಡುವೆ ನನಗೆ ಪ್ರಿಯವಾದ ಪ್ರಸಂಗ ಬೇರೆಯದು. 1978ರಲ್ಲಿ ಯಮಾಹಾ ಕಂಪನಿ ಎನ್.ಎಸ್.-10 ಎಂಬ ಪುಟ್ಟ ಧ್ವನಿವರ್ಧಕವನ್ನು ಮಾರುಕಟ್ಟೆಗೆ ತಂದಿತು. ಮನೆಬಳಕೆಗೆ ಬಹಳ ಚುಚ್ಚುದನಿ. ಆದರೆ ಅದೇ ಕಾರಣಕ್ಕೆ ಸ್ಟುಡಿಯೋಗಳು ಅದನ್ನು ಅಪ್ಪಿಕೊಂಡವು: ಇದರಲ್ಲಿ ಹಿತವಾಗಿ ಕೇಳಿದ್ದು ಎಲ್ಲಿಯೂ ಹಿತವಾಗಿಯೇ ಕೇಳುತ್ತದೆಂಬ ಲೆಕ್ಕ. ಆ ಚುಚ್ಚುವಿಕೆಯನ್ನು ತಗ್ಗಿಸಲು ತಂತ್ರಜ್ಞರು ಅದರ ತಾರದನಿಯ ಘಟಕದ ಮುಂದೆ ಟಿಶ್ಯೂ ಕಾಗದದ ತುಂಡನ್ನು ಅಂಟಿಸಿದರು. ಯಾವ ಕಾಗದ ಉತ್ತಮ, ಎಷ್ಟು ಪದರ ಬೇಕು ಎಂದು 1986ರಲ್ಲಿ ಒಬ್ಬರು ಅಳತೆ ಮಾಡಿ ಲೇಖನವನ್ನೇ ಬರೆದರು.

1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಬಂದಾಗ ಸೂಜಿಯೂ ಇಲ್ಲ, ಗೆರೆಯೂ ಇಲ್ಲ. ಆದರೂ ಮತ್ತೆ ಅದೇ ಕರ್ಕಶದ ದೂರು. ತಟ್ಟೆಗೆಂದು ಹದಮಾಡಿದ್ದ ಮೂಲಪ್ರತಿಗಳನ್ನು ಹಾಗೆಯೇ ಹೊಸ ಮಾಧ್ಯಮಕ್ಕೆ ಇಳಿಸಿದ್ದು ಅದಕ್ಕೆ ಒಂದು ಕಾರಣ. ಆಮೇಲೆ ಹಾಡುಗಳನ್ನು ಒಂದಕ್ಕಿಂತ ಒಂದು ಜೋರಾಗಿಸುವ ಪೈಪೋಟಿ ಆರಂಭವಾಯಿತು. ಅಲೆಯ ನೆತ್ತಿಯನ್ನು ಕತ್ತರಿಸಿದರೆ ಮೂಲದಲ್ಲಿ ಇಲ್ಲದ ಹೊಸ ಮೇಲ್ಸ್ವರಗಳು ಹುಟ್ಟುತ್ತವೆ. ಅವೇ ಕಿವಿಯನ್ನು ಗೀರುತ್ತವೆ. 2008ರಲ್ಲಿ ಮೆಟಾಲಿಕಾ ತಂಡದ ಸಂಪುಟವೊಂದರ ಈ ದೋಷವನ್ನು ಅಭಿಮಾನಿಗಳೇ ಎತ್ತಿ ತೋರಿಸಿದರು.

ಈಗ ಚುಚ್ಚುವ ಅನುರಣನಗಳನ್ನು ತಾನೇ ಹುಡುಕಿ ಕ್ಷಣಕ್ಷಣಕ್ಕೂ ತಗ್ಗಿಸುವ ಕಂಪ್ಯೂಟರ್ ಕ್ರಮವಿಧಿಗಳು ಬಂದಿವೆ. ಹದವಾಗಿ ಬಳಸಿದರೆ ಅದ್ಭುತ. ಆದರೆ ಈಚಿನ ಹಲವು ಹಾಡುಗಳು ಸಾಬೂನಿನಲ್ಲಿ ಅದ್ದಿ ತೆಗೆದಂತೆ ನುಣುಪಾಗಿವೆಯೆಂದು ನನಗೆ ಅನ್ನಿಸುತ್ತದೆ. ನಮ್ಮ ತಂಬೂರಿಯವರು ಕುದುರೆಯ ಮೇಲೆ ತಂತಿಯ ಅಡಿಗೆ ಎಳೆಯೊಂದನ್ನು ಸರಿಸುವುದು ಮೇಲ್ಸ್ವರಗಳ ಝೇಂಕಾರವನ್ನು ಎಬ್ಬಿಸುವುದಕ್ಕಾಗಿ. ಆ ಎಳೆಗೆ ಜೀವಾಳವೆಂದು ಹೆಸರು.

ಅತಿಯಾದರೆ ಏನಾಗುತ್ತದೆಂಬುದನ್ನು ನಮ್ಮ ಕುಟುಂಬದಲ್ಲಿಯೇ ಕಂಡಿದ್ದೇವೆ. ನಮ್ಮ ದೊಡ್ಡಮ್ಮನವರು ಹಾಡಿದ್ದ ಹಸೆಯ ಹಾಡುಗಳ ಕ್ಯಾಸೆಟ್ಟೊಂದನ್ನು ಅವರ ಮೊಮ್ಮಗಳು ಅಂಗಡಿಯೊಂದಕ್ಕೆ ಕೊಟ್ಟು ಕಂಪ್ಯೂಟರಿಗೆ ಏರಿಸಿಸಿದಳು. ಅಂಗಡಿಯವರು ಬುಸುಗುಟ್ಟುವಿಕೆಯನ್ನು ಸಂಪೂರ್ಣವಾಗಿ ತೆಗೆದುಕೊಟ್ಟರು. ಕೇಳಿದರೆ ದೊಡ್ಡಮ್ಮನಿಗೆ ಹಲ್ಲುಗಳೆಲ್ಲ ಉದುರಿದಂತೆ, ನೀರಿನೊಳಗಿಂದ ಹಾಡುತ್ತಿರುವಂತೆ ಇತ್ತು. ಕಾರಣ ಸರಳ. ಸ್ವರಗಳು ಕ್ರಮಬದ್ಧ ಅಲೆಗಳು. ಸಕಾರ ಮಾತ್ರ ಟೇಪಿನ ಸದ್ದಿನಂತೆಯೇ ಕ್ರಮವಿಲ್ಲದ ಸದ್ದು. ಎರಡರ ವ್ಯತ್ಯಾಸ ಯಂತ್ರಕ್ಕೆ ಸುಲಭವಾಗಿ ತಿಳಿಯದು. ಒಂದನ್ನು ಬಳಿದು ತೆಗೆಯುವಾಗ ಇನ್ನೊಂದೂ ಹೋಯಿತು.

ಪುಣ್ಯಕ್ಕೆ ಮೂಲ ಕ್ಯಾಸೆಟ್ಟು ಬೀರುವಿನಲ್ಲಿಯೇ ಇತ್ತು. ನನ್ನ ಆ ವಿದ್ಯಾರ್ಥಿಯೇ ಅದನ್ನು ತೆಗೆದುಕೊಂಡು ಹೋಗಿ, ಮೊದಲು ಏನೂ ತಿದ್ದದೆ ಒಂದು ಪ್ರತಿ ಮಾಡಿ ಇಟ್ಟು, ಇನ್ನೊಂದರಲ್ಲಿ ಸ್ವಲ್ಪವೇ ಸದ್ದು ತಗ್ಗಿಸಿ ಕೊಟ್ಟಿದ್ದಾನೆ. ಬುಸುಗುಟ್ಟುವಿಕೆ ಇನ್ನೂ ಇದೆ. ಆದರೆ 'ಹಸೆಗೆ' ಎನ್ನುವಲ್ಲಿ ಸಕಾರ ಸಕಾರವಾಗಿಯೇ ಕೇಳುತ್ತದೆ. ನಡುವೆ ಅವರು ಮೂಗೇರಿಸಿಕೊಂಡದ್ದೂ ಕೇಳುತ್ತದೆ. ಎರಡು ಪ್ರತಿಗಳೂ ನನ್ನಲ್ಲಿವೆ. ಬೇಕೆನ್ನುವ ಬಂಧುಗಳು ತಿಳಿಸಿದರೆ ಕಳುಹಿಸಿಕೊಡುತ್ತೇನೆ.