ಹಳೆಯ ಫೋನ್‌ನಿಂದ ಮನೆಗೆಲ್ಲ ವೈಫೈ: ಫಾರ್ವರ್ಡ್ ಸಂದೇಶದಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

"ಹಳೆಯ ಮೊಬೈಲ್ ಬಿಸಾಡಬೇಡಿ! ಈ ಒಂದು ಸೆಟ್ಟಿಂಗ್ ಮಾಡಿದರೆ ಸಿಮ್ ಬೇಡ, ರೀಚಾರ್ಜ್ ಬೇಡ, ಮನೆಮಂದಿಗೆಲ್ಲ ಉಚಿತ ವೈಫೈ." ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೆಲವದರ ಕೊನೆಯಲ್ಲಿ ಒಂದು ಆ್ಯಪ್ ಡೌನ್‌ಲೋಡ್ ಮಾಡುವ ಲಿಂಕೂ ಇರುತ್ತದೆ.

ಇದರಲ್ಲಿ ಅರ್ಧ ನಿಜವಿದೆ. ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಸ್ಮಾರ್ಟ್‌ಫೋನ್ ಅನ್ನು ಮನೆಯ ವೈಫೈ ಹಾಟ್‌ಸ್ಪಾಟ್ ಮಾಡಿಕೊಳ್ಳಬಹುದು. ಆದರೆ "ಸಿಮ್ ಬೇಡ, ಉಚಿತ" ಎಂಬುದು ಸುಳ್ಳು. ಆ ಲಿಂಕ್ ಒತ್ತುವುದಂತೂ ಅಪಾಯ. ಒಂದೊಂದಾಗಿ ನೋಡೋಣ.

ಹಾಟ್‌ಸ್ಪಾಟ್ ಕೆಲಸ ಮಾಡುವುದು ಹೇಗೆ?

ಫೋನಿನೊಳಗೆ ಒಂದಕ್ಕಿಂತ ಹೆಚ್ಚು ರೇಡಿಯೋಗಳಿವೆ. ಒಂದು ಮೊಬೈಲ್ ಟವರ್ ಜೊತೆ ಮಾತಾಡುತ್ತದೆ, ಇನ್ನೊಂದು ವೈಫೈಗೆ. ಹಾಟ್‌ಸ್ಪಾಟ್ ಆನ್ ಮಾಡಿದಾಗ ಫೋನ್ ಟವರಿನಿಂದ ಇಂಟರ್‌ನೆಟ್ ಪಡೆದು ಅದನ್ನು ವೈಫೈ ಮೂಲಕ ಲ್ಯಾಪ್‌ಟಾಪ್, ಟಿವಿ, ಬೇರೆ ಫೋನುಗಳಿಗೆ ಹಂಚುತ್ತದೆ. ಬಾವಿಯ ನೀರನ್ನು ಮನೆಯೊಳಗೆ ತರುವ ಪೈಪಿನ ಕೆಲಸವಷ್ಟೇ ಅದರದ್ದು. ಬಾವಿಯಲ್ಲಿ ನೀರಿಲ್ಲದಿದ್ದರೆ ಪೈಪ್ ಏನು ಮಾಡೀತು? ಹಾಗೆಯೇ ಡೇಟಾ ಇರುವ ಸಿಮ್ ಇಲ್ಲದೆ ಹಾಟ್‌ಸ್ಪಾಟ್ ಆನ್ ಆದರೂ ಇಂಟರ್‌ನೆಟ್ ಬರುವುದಿಲ್ಲ.

ಇದಕ್ಕೆ ಬೇರೆ ಆ್ಯಪ್ ಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ ಈ ಸೌಲಭ್ಯ 2010ರಲ್ಲಿ ಬಂದ 2.2ನೇ ಆವೃತ್ತಿಯಿಂದಲೂ ಇದೆ. ಐಫೋನ್‌ಗಳಲ್ಲಿ 2011ರಿಂದ ಇದೆ. ಹಾಗಾಗಿ "ವೈಫೈ ಬೂಸ್ಟರ್" ಹೆಸರಿನಲ್ಲಿ ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡುವ ಅಗತ್ಯವೇ ಇಲ್ಲ. ಇಂಥ ಫೈಲ್‌ಗಳು ಎಸ್‌ಎಂಎಸ್ ಓದುವ ಅನುಮತಿ ಕೇಳಿದರೆ, ನಿಮ್ಮ ಬ್ಯಾಂಕ್ ಒಟಿಪಿಗೇ ಕೈ ಹಾಕಿದಂತೆ.

ನಿಜವಾಗಿ ಉಪಯೋಗವಾಗುವುದು ಎಲ್ಲಿ?

ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಒಂದೇ ಮೂಲೆಯಲ್ಲಿ: ಅಟ್ಟದ ಕಿಟಕಿ, ಜಗಲಿಯ ತುದಿ ಅಥವಾ ಅಂಗಳದ ಆಚೆ. 2020ರ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಕ್ಲಾಸಿಗಾಗಿ ಮಕ್ಕಳು ಗುಡ್ಡ ಹತ್ತಿ ಕೂತಿದ್ದು ನಮಗೆಲ್ಲ ನೆನಪಿದೆ. ಹಳೆಯ ಫೋನ್ ಕೈಹಿಡಿಯುವುದು ಇಂಥ ಕಡೆ. ಸಿಗ್ನಲ್ ಸಿಗುವ ಆ ಮೂಲೆಯಲ್ಲಿ ಅದನ್ನು ಇಟ್ಟುಬಿಟ್ಟರೆ, ನೀವು ನಡುಮನೆಯಲ್ಲಿ ಕೂತು ಕೆಲಸ ಮಾಡಬಹುದು.

ನಮ್ಮಲ್ಲೊಬ್ಬರ ಊರಿನ ಹೆಂಚಿನ ಮನೆಯಲ್ಲಿ ಹೀಗೇ ಮಾಡಿದೆವು. ನಡುಮನೆಯಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಅಟ್ಟದ ಕಿಟಕಿಯಲ್ಲಿಟ್ಟ ಹಳೆಯ 4ಜಿ ಫೋನ್‌ನಿಂದ ಕೆಳಗೆ ವಿಡಿಯೊ ಕಾಲ್ ಸರಾಗವಾಗಿ ನಡೆಯಿತು. ಅಡುಗೆಮನೆಯ ದಪ್ಪ ಮಣ್ಣಿನ ಗೋಡೆ ದಾಟಿದ ಮೇಲೆ ಮಾತ್ರ ತಡವರಿಸಿತು.

ಫೋನಿನ ಹಾಟ್‌ಸ್ಪಾಟ್ ಮನೆಯೊಳಗೆ ಸುಮಾರು 10 ಮೀಟರ್ ತಲುಪುತ್ತದೆ ಎಂದಿಟ್ಟುಕೊಳ್ಳಿ. ಗೋಡೆ ದಪ್ಪವಿದ್ದಷ್ಟೂ ಕಡಿಮೆ. ಸೆಟ್ಟಿಂಗ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಆಯ್ಕೆ ಇದ್ದರೆ, ಗೋಡೆ ದಾಟಬೇಕಾದಾಗ 2.4 ಆರಿಸಿ, ಅದು ದೂರ ಹೋಗುತ್ತದೆ. ಒಂದೇ ಕೋಣೆಯಲ್ಲಿ ವೇಗ ಬೇಕಿದ್ದರೆ 5.

ಶುರು ಮಾಡುವ ಮೊದಲು

1. ಫೋನ್ 4ಜಿ ಆಗಿರಲಿ. ಜಿಯೋ ಜಾಲದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ, ಆದ್ದರಿಂದ 3ಜಿ ಫೋನಿಗೆ ಆ ಸಿಮ್ ಹಾಕಿ ಪ್ರಯೋಜನವಿಲ್ಲ.

2. ಫ್ಯಾಕ್ಟರಿ ರೀಸೆಟ್ ಮಾಡಿ. ಹಳೆಯ ಫೋಟೊ, ಬ್ಯಾಂಕ್ ಆ್ಯಪ್, ವಾಟ್ಸ್ಆ್ಯಪ್ ಯಾವುದೂ ಅದರಲ್ಲಿ ಉಳಿಯಬಾರದು. ಬೇಕಾದದ್ದನ್ನು ಮೊದಲೇ ಬ್ಯಾಕಪ್ ತೆಗೆದುಕೊಳ್ಳಿ.

3. ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ ಹಾಕಬೇಡಿ. ಹಳೆಯ ಫೋನುಗಳಿಗೆ ಕಂಪನಿಯಿಂದ ಭದ್ರತಾ ಅಪ್‌ಡೇಟ್ ಬರುವುದು ನಿಂತಿರುತ್ತದೆ. ಒಟಿಪಿ ಬರುವ ಸಿಮ್ ಅಲ್ಲಿರುವುದು ಕ್ಷೇಮವಲ್ಲ. ಬೇರೆ ಸಿಮ್ ಇದ್ದರೆ ಅದನ್ನೇ ಬಳಸಿ.

4. ಪ್ಲಾನ್ ನೋಡಿಕೊಳ್ಳಿ. "ಅನಿಯಮಿತ 5ಜಿ" ಎಂಬುದು ಫೋನ್ 5ಜಿ ಜಾಲದಲ್ಲಿದ್ದಾಗ ಮಾತ್ರ. ಅದೇ ಸಿಮ್ 4ಜಿ ಫೋನಿಗೆ ಹಾಕಿದರೆ ದಿನದ ಮಿತಿಯ ಡೇಟಾವೇ ಖರ್ಚಾಗುತ್ತದೆ.

ಆನ್ ಮಾಡುವ ಕ್ರಮ

ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಅಥವಾ ಕನೆಕ್ಷನ್ಸ್ ವಿಭಾಗಕ್ಕೆ ಹೋಗಿ, "ಹಾಟ್‌ಸ್ಪಾಟ್ ಮತ್ತು ಟೆದರಿಂಗ್" ಒತ್ತಿ. ಐಫೋನ್‌ನಲ್ಲಿ "ಪರ್ಸನಲ್ ಹಾಟ್‌ಸ್ಪಾಟ್" ಎಂದಿರುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡ್ ಬದಲಿಸಿ. ಭದ್ರತೆಯಲ್ಲಿ "ಓಪನ್" ಆರಿಸಬೇಡಿ. ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಬೇಕು. ಮೊಬೈಲ್ ನಂಬರ್, 12345678 ಬೇಡ.

ಪಾಸ್‌ವರ್ಡ್ ಇಷ್ಟು ಮುಖ್ಯ ಯಾಕೆಂದರೆ, ನಿಮ್ಮ ಹಾಟ್‌ಸ್ಪಾಟ್‌ನಿಂದ ಯಾರು ಏನೇ ಮಾಡಿದರೂ ಹೊರಗೆ ಕಾಣುವುದು ನಿಮ್ಮ ಸಿಮ್‌ನ ಸಂಪರ್ಕ. ಯಾರಾದರೂ ಅದರಿಂದ ಮೋಸದ ಕೆಲಸ ಮಾಡಿದರೆ ವಿಚಾರಣೆ ಮೊದಲು ಬರುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.

ಹಲವು ಫೋನುಗಳಲ್ಲಿ, ಯಾರೂ ಬಳಸದಿದ್ದರೆ ಹಾಟ್‌ಸ್ಪಾಟ್ ತಾನಾಗಿಯೇ ಆಫ್ ಆಗುವ ಆಯ್ಕೆ ಇದೆ. ಅಟ್ಟದ ಮೇಲಿಟ್ಟಿದ್ದರೆ ಪದೇಪದೇ ಹತ್ತಿ ಆನ್ ಮಾಡಬೇಕಾದೀತು, ಅದನ್ನು ಮೊದಲೇ ನೋಡಿಕೊಳ್ಳಿ.

ಡೇಟಾ ಯಾಕೆ ಬೇಗ ಖಾಲಿಯಾಗುತ್ತದೆ?

ದಿನಕ್ಕೆ 1.5 ಜಿಬಿ ಫೋನಿಗೆ ಸಾಕಾಗಬಹುದು, ಮನೆಗೆ ಸಾಲದು. ವಿಡಿಯೊ ಕ್ಲಾಸ್ ಅಥವಾ ಮೀಟಿಂಗ್ ಒಂದೇ ಗಂಟೆಗೆ ಅರ್ಧದಿಂದ ಒಂದೂವರೆ ಜಿಬಿ ತಿನ್ನಬಹುದು. ಮಿತಿ ಮುಗಿದ ಮೇಲೆ ಹಲವು ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಷ್ಟರಲ್ಲಿ ವಾಟ್ಸ್ಆ್ಯಪ್ ಮೆಸೇಜ್ ಹೋಗಬಹುದು, ಕ್ಲಾಸ್ ನಡೆಯದು.

ವೈಫೈ ಸಿಕ್ಕಿತೆಂದರೆ ಲ್ಯಾಪ್‌ಟಾಪ್, ಫೋನುಗಳು ನಿಮಗೆ ಹೇಳದೆಯೇ ಅಪ್‌ಡೇಟ್ ಇಳಿಸಿಕೊಳ್ಳಲು ಶುರು ಮಾಡುತ್ತವೆ. ವಿಂಡೋಸ್‌ನಲ್ಲಿ ಈ ವೈಫೈಯನ್ನು "ಮೀಟರ್ಡ್ ಕನೆಕ್ಷನ್" ಎಂದು ಗುರುತಿಸಿ. ಯೂಟ್ಯೂಬ್ ಗುಣಮಟ್ಟವನ್ನು 480ಕ್ಕೆ ಇಳಿಸಿ. ಹಳೆಯ ಫೋನ್‌ನಲ್ಲಿ ಡೇಟಾ ಎಚ್ಚರಿಕೆ ಮಿತಿ ಹಾಕಿಡಿ.

"ಇಡೀ ದಿನ ಚಾರ್ಜಿಗೆ ಹಾಕಿದರೆ ಸ್ಫೋಟವಾಗುತ್ತದೆ" ಎಂಬುದು ನಿಜವೇ?

ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಬ್ಯಾಟರಿ ತುಂಬಿದ ಮೇಲೆ ಫೋನಿನ ಚಾರ್ಜಿಂಗ್ ಸರ್ಕ್ಯೂಟ್ ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ. ಆದರೆ ಲಿಥಿಯಂ ಅಯಾನ್ ಬ್ಯಾಟರಿಗೆ ಎರಡು ಸಂಗತಿ ಆಗಿಬರುವುದಿಲ್ಲ: ಬಿಸಿ, ಮತ್ತು ಸದಾ ಶೇ. 100ರಲ್ಲೇ ಇರುವುದು. ಹಾಟ್‌ಸ್ಪಾಟ್ ಆನ್ ಇಟ್ಟು ಇಡೀ ದಿನ ಚಾರ್ಜಿಗೆ ಹಾಕಿದರೆ ಎರಡೂ ಒಟ್ಟಿಗೆ ಆಗುತ್ತವೆ. ಮೊದಲೇ ಹಳತಾದ ಬ್ಯಾಟರಿಯೊಳಗೆ ಅನಿಲ ತುಂಬಿ ಅದು ಉಬ್ಬಬಹುದು. ಅಟ್ಟದ ಮೇಲಿಟ್ಟ ಫೋನಿನಲ್ಲಿ ನಾವೂ ಇದನ್ನು ಕಂಡೆವು: ಕೆಲವು ತಿಂಗಳಲ್ಲಿ ಹಿಂದಿನ ಕವರ್ ಮೇಲೆದ್ದಿತ್ತು. ಅದೇ ದಿನ ಬಳಸುವುದನ್ನು ನಿಲ್ಲಿಸಿದೆವು.

ಆದ್ದರಿಂದ ಹೀಗೆ ಮಾಡಿ:

- ಬಳಸುವಾಗ ಮಾತ್ರ ಆನ್ ಮಾಡಿ, ರಾತ್ರಿ ಆಫ್ ಮಾಡಿ.
- ಶೇ. 80ರ ಆಸುಪಾಸಿಗೆ ಬಂದಾಗ ಚಾರ್ಜರ್ ತೆಗೆಯಿರಿ.
- ಬ್ಯಾಕ್ ಕವರ್ ತೆಗೆದು ಗಾಳಿಯಾಡುವ ಜಾಗದಲ್ಲಿಡಿ. ಹಾಸಿಗೆ, ದಿಂಬು, ಹುಲ್ಲು, ಬಿಸಿಲು ಬೀಳುವ ತಗಡಿನ ಶೀಟ್ ಬೇಡ.
- ಗುಡುಗು ಸಿಡಿಲಿದ್ದಾಗ ಚಾರ್ಜರನ್ನು ಪ್ಲಗ್‌ನಿಂದಲೇ ಕಿತ್ತಿಡಿ.
- ಒಂದೇ ಕಂಪ್ಯೂಟರ್‌ಗೆ ಇಂಟರ್‌ನೆಟ್ ಬೇಕಿದ್ದರೆ ಯುಎಸ್‌ಬಿ ಕೇಬಲ್ ಹಾಕಿ "ಯುಎಸ್‌ಬಿ ಟೆದರಿಂಗ್" ಮಾಡಿ. ವೈಫೈ ರೇಡಿಯೋ ಕೆಲಸ ಮಾಡಬೇಕಿಲ್ಲ.

ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಅಥವಾ ಸರ್ವಿಸ್ ಸೆಂಟರ್‌ಗೆ ಕೊಡಿ.

"ಹಾಟ್‌ಸ್ಪಾಟ್ ವಿಕಿರಣದಿಂದ ಕ್ಯಾನ್ಸರ್" ಎಂಬುದು?

ಈ ಮಾತಿಗೆ ಮೂಲ 2011ರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆ ವರ್ಷ ರೇಡಿಯೋ ತರಂಗಗಳನ್ನು "2ಬಿ" ಗುಂಪಿಗೆ ಸೇರಿಸಿತು. ಅಂದರೆ ಸಾಧ್ಯತೆಯನ್ನು ತಳ್ಳಿಹಾಕಿಲ್ಲ, ಸಾಬೀತೂ ಆಗಿಲ್ಲ. ಲೋಳೆಸರದ ಪೂರ್ತಿ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ವೈಫೈ ತರಂಗಗಳಿಗೆ ಎಕ್ಸ್-ರೇಯಂತೆ ಡಿಎನ್‌ಎ ಮುರಿಯುವಷ್ಟು ಶಕ್ತಿ ಇಲ್ಲ.

ಇನ್ನೊಂದು ವಿಷಯ ಗಮನಿಸಿ. ಸಿಗ್ನಲ್ ಕ್ಷೀಣವಾಗಿದ್ದಾಗ ಫೋನ್ ಟವರನ್ನು ತಲುಪಲು ಹೆಚ್ಚು ಶಕ್ತಿ ಬಳಸುತ್ತದೆ. ಹಾಗಾಗಿ ಫೋನ್ ಕಿಟಕಿಯಲ್ಲಿದ್ದು ನೀವು ದೂರ ಕೂತಿದ್ದರೆ, ಸಿಗ್ನಲ್ ಇಲ್ಲದ ಮೂಲೆಯಲ್ಲಿ ಅದನ್ನು ಕಿವಿಗೆ ಒತ್ತಿಕೊಂಡು ಮಾತಾಡುವುದಕ್ಕಿಂತ ಮೈಗೆ ತಗಲುವ ತರಂಗ ಕಡಿಮೆಯೇ.

ಕೊನೆಯದಾಗಿ

ಹಳೆಯ ಫೋನ್ ಒಳ್ಳೆಯ ಹಾಟ್‌ಸ್ಪಾಟ್ ಆಗಬಲ್ಲದು. ಅದಕ್ಕೆ 4ಜಿ, ಡೇಟಾ ಇರುವ ಸಿಮ್, ಗಟ್ಟಿ ಪಾಸ್‌ವರ್ಡ್ ಮತ್ತು ಉಬ್ಬದ ಬ್ಯಾಟರಿ ಬೇಕು. ಯಾವ ಆ್ಯಪ್ ಕೂಡ ಬೇಡ. ಮುಂದಿನ ಬಾರಿ "ಸಿಮ್ ಇಲ್ಲದೆ ಉಚಿತ ವೈಫೈ" ಎಂಬ ಸಂದೇಶ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಇಂಟರ್‌ನೆಟ್ ಬರುವುದು ಎಲ್ಲಿಂದ? ಅದಕ್ಕೆ ಸಂದೇಶದಲ್ಲಿ ಉತ್ತರವಿಲ್ಲದಿದ್ದರೆ, ಅದು ನಿಮ್ಮಲ್ಲೇ ನಿಲ್ಲಲಿ. ಗ್ರೂಪಿನಲ್ಲಿರುವ ಹಿರಿಯರಿಗೆ, ಲಿಂಕ್ ಒತ್ತಬೇಡಿ ಎಂದು ಒಂದು ಮಾತು ಹೇಳಿಬಿಡಿ.