ಬೆಸುಗೆ ಕಾಣಬೇಕೇ?

ಅನಕಾಪಲ್ಲಿಯ ಪಕ್ಕದಲ್ಲಿ ಶಂಕರಂ ಎಂಬ ಹಳ್ಳಿ, ಅಲ್ಲೊಂದು ಗುಡ್ಡ ಬೊಜ್ಜನ್ನಕೊಂಡ. 'ಸಂಘಾರಾಮ' ಸವೆದು ಶಂಕರಂ ಆಯಿತು, 'ಬುದ್ಧನ ಕೊಂಡ' ಬೊಜ್ಜನ್ನಕೊಂಡ ಆಯಿತು ಎನ್ನುತ್ತಾರೆ. ಬೌದ್ಧ ವಿಹಾರ ಹಾಳುಬಿದ್ದ ಮೇಲೂ ಹೆಸರು ಉಳಿದದ್ದು ಹೀಗೆ, ಹೊರರೂಪ ಬದಲಿಸಿಕೊಂಡು.

20ನೇ ಶತಮಾನದ ಮೊದಲ ದಶಕದಲ್ಲಿ ಅಲೆಕ್ಸಾಂಡರ್ ರೀ ಇಲ್ಲಿ ಉತ್ಖನನ ನಡೆಸಿದರು. ಗುಡ್ಡದ ಮೇಲಿನ ಮುಖ್ಯ ಸ್ತೂಪವನ್ನು ಮೊದಲು ಬಂಡೆಯಲ್ಲೇ ಕಡೆದು, ಆಮೇಲೆ ಇಟ್ಟಿಗೆ ಹೊದಿಸಿ ಪೂರ್ತಿ ಮಾಡಲಾಗಿದೆ. ಆಕಾರ ಒಂದೇ, ವಸ್ತು ಎರಡು. ಬಂಡೆ ಎಲ್ಲಿ ಮುಗಿಯಿತು, ಇಟ್ಟಿಗೆ ಎಲ್ಲಿ ಶುರುವಾಯಿತು ಎಂಬುದು ಇಂದು ಕಣ್ಣಿಗೆ ಕಾಣುತ್ತದೆ.

ಹಳೆಯದಕ್ಕೆ ಹೊಸದನ್ನು ಸೇರಿಸುವವರ ಮುಂದಿನ ಪ್ರಶ್ನೆಯೂ ಇದೇ: ಬೆಸುಗೆ ಕಾಣಬೇಕೇ, ಮುಚ್ಚಿಹೋಗಬೇಕೇ? 1964ರ ವೆನಿಸ್ ಸನ್ನದು ಕೊಟ್ಟ ಉತ್ತರದಲ್ಲಿ ಎರಡು ಮಾತಿವೆ. ಕಳೆದುಹೋದ ಭಾಗದ ಜಾಗಕ್ಕೆ ಬಂದದ್ದು ಒಟ್ಟಂದಕ್ಕೆ ಹೊಂದಬೇಕು, ಆದರೂ ಮೂಲದಿಂದ ಬೇರೆಯೆಂದು ಗುರುತು ಸಿಗಬೇಕು. ಹೊಸ ಸೇರ್ಪಡೆ ಕಟ್ಟಡದ ಸಮತೋಲವನ್ನೂ ಸುತ್ತಲಿನ ಪರಿಸರದೊಡನೆ ಅದಕ್ಕಿರುವ ನಂಟನ್ನೂ ಕೆಡಿಸಬಾರದು.

ಬೆಂಗಳೂರಿನ ಒಂದೇ ಬೀದಿಯಲ್ಲಿ ಇದರ ಎರಡು ಪರೀಕ್ಷೆ ನಡೆದಿವೆ.

ರಸ್ತೆಯ ಒಂದು ಬದಿಗೆ ಅಠಾರಾ ಕಚೇರಿ. ಸರ್ಕಾರದ ಹದಿನೆಂಟು ಇಲಾಖೆಗಳಿಗೆಂದು 1868ರಲ್ಲಿ ಮುಗಿದ ಕೆಂಪು ಕಟ್ಟಡ. ಸಚಿವಾಲಯ ವಿಧಾನಸೌಧಕ್ಕೆ ಹೋದಮೇಲೆ ಇದು ಹೈಕೋರ್ಟ್ ಆಯಿತು. 1980ರ ದಶಕದ ಆರಂಭದಲ್ಲಿ ಇದನ್ನು ಕೆಡವುವ ಪ್ರಸ್ತಾಪ ಬಂತು. ನಾಗರಿಕರು ನ್ಯಾಯಾಲಯದ ಮೊರೆಹೋದರು. ವಿಚಾರಣೆ ನಡೆದದ್ದು ಅದೇ ಕಟ್ಟಡದೊಳಗೆ! ಕೊನೆಗೆ ಕಟ್ಟಡ ಉಳಿಯಿತು. ಜಾಗ ಸಾಲದ್ದಕ್ಕೆ ಹಿಂಬದಿಯಲ್ಲಿ ಹೊಸ ಭಾಗಗಳು ಎದ್ದವು, ಅದೇ ಕೆಂಪು ಬಣ್ಣದಲ್ಲಿ. ಮುಂದೆ ನಿಂತವರಿಗೆ ಹಳೆಯ ಮುಖ ಹಾಗೆಯೇ ಇದೆ.

ಎದುರು ಬದಿಗೆ ವಿಧಾನಸೌಧ. 1951ರಲ್ಲಿ ನೆಹರೂ ಅಡಿಗಲ್ಲಿಟ್ಟರು, 1956ರಲ್ಲಿ ಮುಗಿಯಿತು. ಅದಕ್ಕೂ ಜಾಗ ಸಾಲದಾದಾಗ ಪಕ್ಕದಲ್ಲೇ ವಿಕಾಸಸೌಧ ಬಂತು, 2005ರಲ್ಲಿ ಉದ್ಘಾಟನೆಯಾಯಿತು. ಅಣ್ಣನನ್ನೇ ಹೋಲುವ ತಮ್ಮ. ಇಲ್ಲಿ ಮೂಲ ಕಟ್ಟಡದ ಗೋಡೆಗೆ ಕೈ ಹಚ್ಚಲಿಲ್ಲ, ಅದು ದೊಡ್ಡ ಲಾಭ. ಆದರೆ ಐವತ್ತು ವರ್ಷಗಳ ಅಂತರವನ್ನು ಕಟ್ಟಡ ತಾನಾಗಿ ಹೇಳುವುದಿಲ್ಲ. ಗೊತ್ತಿಲ್ಲದವರು ಎರಡೂ ಒಂದೇ ಕಾಲದವು ಎಂದುಕೊಂಡಾರು.

ಹಾಗಾದರೆ ಅಠಾರಾ ಕಚೇರಿಯ ದಾರಿಯೇ ಮೇಲೇ? ಅದಕ್ಕೂ ಬೆಲೆ ತೆರಬೇಕಾಗಿದೆ. ಹಿಂಬದಿಯಲ್ಲಿರುವುದು ಕಬ್ಬನ್ ಪಾರ್ಕ್. 1870ರಲ್ಲಿ ಅದನ್ನು ರೂಪಿಸಿದವರು ರಿಚರ್ಡ್ ಸ್ಯಾಂಕಿ. ಕಚೇರಿಯ ವಿನ್ಯಾಸವೂ ಅವರ ಹೆಸರಿನಲ್ಲೇ ಇದೆ. ಕೆಂಪು ಗೋಡೆ, ಹಸಿರು ಹಿನ್ನೆಲೆ ಎರಡೂ ಸೇರಿಯೇ ಒಂದು ನೋಟ. ಮುಖ ಉಳಿಸಲು ಬೆನ್ನಿಗೆ ಕಟ್ಟುತ್ತ ಹೋದರೆ ಉದ್ಯಾನ ಒತ್ತರಿಸುತ್ತದೆ. ಹೊರರೂಪ ಎಂದರೆ ರಸ್ತೆಗೆ ಕಾಣುವ ಗೋಡೆ ಮಾತ್ರವಲ್ಲ, ಕಟ್ಟಡದ ಸುತ್ತಲಿನ ಬಯಲೂ ಅದರಲ್ಲಿ ಸೇರಿದೆ.

ಬಳಕೆಯಿಲ್ಲದ ಕಟ್ಟಡ ಹಾಳುಬೀಳುತ್ತದೆ, ಬಳಕೆಯಲ್ಲಿರುವುದು ಬೆಳೆಯಲೇಬೇಕಾಗುತ್ತದೆ. ಬೆಳೆದದ್ದು ದೂರದಿಂದ ಹೊಂದಿಕೊಂಡು, ಹತ್ತಿರ ಹೋದಾಗ ತನ್ನ ವಯಸ್ಸನ್ನು ನಿಜ ಹೇಳಿದರೆ ಸಾಕು. ಶಂಕರಂ ಗುಡ್ಡದ ಇಟ್ಟಿಗೆ ಇಂದಿಗೂ ಹೇಳುತ್ತಿರುವುದು ಅದನ್ನೇ: ಇಲ್ಲಿಯವರೆಗೆ ಬಂಡೆ, ಇಲ್ಲಿಂದ ನಾನು.