ಆರು ಎಂಟಾದ ಕಥೆ: ಸ್ಕ್ಯಾನರ್ ಸೆಟ್ಟಿಂಗ್‌ಗೂ ಒಂದು ಇತಿಹಾಸ ಇದೆ

ಇವತ್ತಿನ ಎಪಿಸೋಡ್‌ನಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ಅಂಕಿ ಇದೆ. ಯಾರೂ ಮುಟ್ಟದೆ, ಯಾರೂ ತಿದ್ದದೆ, ಒಂದು 6 ತಾನಾಗೇ 8 ಆಗಿಹೋದ ಕಥೆ ಇದು.

ಅದಕ್ಕೂ ಮೊದ್ಲು ನನ್ನ ತಪ್ಪೊಂದನ್ನ ಒಪ್ಕೊಂಡ್ಬಿಡ್ತೀನಿ. ಬಿ.ಕಾಂ ಮುಗಿದ ಹೊಸದರಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಹಳೇ ವೋಚರು, ಬಿಲ್ಲು, ಲೆಡ್ಜರ್ ಪುಟ ಎಲ್ಲ ಸ್ಕ್ಯಾನ್ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಮೆಷಿನ್ ಮೇಲೆ ಆಯ್ಕೆಗಳಿದ್ವು: ಕಲರ್, ಗ್ರೇ, ಬ್ಲ್ಯಾಕ್ ಅಂಡ್ ವೈಟ್. ಪಕ್ಕದಲ್ಲಿ 200, 300, 600. ಯಾವುದು ಬೇಗ ಆಗುತ್ತೋ ಅದನ್ನ ಒತ್ತಿದೆ. 200, ಬ್ಲ್ಯಾಕ್ ಅಂಡ್ ವೈಟ್. ಫೈಲುಗಳು ಪುಟ್ಟ ಪುಟ್ಟದಾಗಿ ಬಂದ್ವು, ನಾನೂ ಖುಷಿಯಾದೆ. ಕಾಗದದ ಕಟ್ಟು ಗುಜರಿಗೆ ಹೋಯ್ತು. ಕೆಲವು ತಿಂಗಳಾದ ಮೇಲೆ ಒಂದು ವೋಚರ್ ಬೇಕಾಯ್ತು. ತೆಗೆದು ನೋಡಿದ್ರೆ ಪೆನ್ಸಿಲ್‌ನಲ್ಲಿ ಬರೆದ ಟಿಪ್ಪಣಿ ಮಾಯ, ನೀಲಿ ಸೀಲು ಅರ್ಧಕ್ಕರ್ಧ ಮಾಯ. ಅಸಲು ನೋಡೋಣ ಅಂದ್ರೆ ಅಸಲೇ ಇಲ್ಲ.

ಆ ಮೆಷಿನ್ ಮೇಲಿದ್ದ ಆಯ್ಕೆಗಳು ಎಲ್ಲಿಂದ ಬಂದ್ವು ಅಂತ ಹುಡುಕ್ತಾ ಹೋದೆ. ಸಿಕ್ಕಿದ್ದು ಈ ಕಥೆ.

1957, ಅಮೆರಿಕ. ಅಲ್ಲಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರಸೆಲ್ ಕರ್ಶ್ ಅನ್ನೋ ಎಂಜಿನಿಯರ್ ತನ್ನ ಮೂರು ತಿಂಗಳ ಮಗ ವಾಲ್ಡನ್‌ನ ಫೋಟೋವನ್ನ ಒಂದು ಡ್ರಮ್‌ಗೆ ಸುತ್ತಿ, ತಿರುಗಿಸಿ, ಕಂಪ್ಯೂಟರ್ ಒಳಗೆ ಕಳಿಸಿದ. ಫೋಟೋ ಸುಮಾರು 5 ಸೆಂಟಿಮೀಟರ್ ಅಗಲ. ಕಂಪ್ಯೂಟರ್ ಒಳಗೆ ಅದು ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕಿ. ಕಾಮರ್ಸ್ ಹುಡುಗನ ಲೆಕ್ಕ ಕೇಳಿ: ಒಂದು ಇಂಚಿಗೆ ಸುಮಾರು 90 ಚುಕ್ಕಿ. ಇವತ್ತು ನಾವು ಡಿಪಿಐ ಅಂತೀವಲ್ಲ, ಅದೇ.

ಆದ್ರೆ ಆ ಮೆಷಿನ್‌ಗೆ ಗೊತ್ತಿದ್ದದ್ದು ಎರಡೇ ಉತ್ತರ, ಕಪ್ಪು ಇಲ್ಲಾ ಬಿಳಿ. ಇಷ್ಟಕ್ಕಿಂತ ಮಬ್ಬಾಗಿದ್ರೆ ಕಪ್ಪು, ಇಲ್ಲಾಂದ್ರೆ ಬಿಳಿ ಅಂತ ಒಂದು ಗಡಿ ಹಾಕಬೇಕಿತ್ತು. ಮಗುವಿನ ಕೆನ್ನೆ ಮೇಲಿನ ನೆರಳು ಅದರಲ್ಲಿ ಹಿಡಿಯೋದಿಲ್ಲ. ಹಾಗಾಗಿ ಗಡಿಯನ್ನ ಬದಲಿಸಿ ಬದಲಿಸಿ ಅದೇ ಫೋಟೋನ ಮತ್ತೆ ಸ್ಕ್ಯಾನ್ ಮಾಡಿ, ಎಲ್ಲ ಸೇರಿಸಿ ಬೂದು ಬಣ್ಣ ಬರಿಸಿದ್ರು. ನನ್ನ ಪೆನ್ಸಿಲ್ ಟಿಪ್ಪಣಿ ಯಾಕೆ ಮಾಯ ಆಯ್ತು ಅನ್ನೋದಕ್ಕೆ ಉತ್ತರ 1957ರಲ್ಲೇ ಇತ್ತು ನೋಡಿ. ಪೆನ್ಸಿಲ್ ಗೆರೆ ಗಡಿ ದಾಟಲಿಲ್ಲ, ಬಿಳಿ ಪಟ್ಟಿಗೆ ಸೇರ್ಕೊಂಡ್ಬಿಡ್ತು.

ಹಾಗಾದ್ರೆ ಬ್ಲ್ಯಾಕ್ ಅಂಡ್ ವೈಟ್ ಇಷ್ಟು ವರ್ಷ ಯಾಕೆ ಉಳೀತು? ಜಾಗದ ಪ್ರಶ್ನೆ. ಒಂದು ಎ4 ಹಾಳೆಯನ್ನ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ರೆ ಸುಮಾರು 87 ಲಕ್ಷ ಚುಕ್ಕಿ. ಕಲರ್ ಆದ್ರೆ, ಕುಗ್ಗಿಸದೇ ಇಟ್ರೆ, 26 ಎಂಬಿ. ಗ್ರೇ ಆದ್ರೆ ಸುಮಾರು 9 ಎಂಬಿ. ಬರೀ ಕಪ್ಪು-ಬಿಳುಪು ಆದ್ರೆ ಒಂದು ಎಂಬಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. 600 ಡಿಪಿಐ ಮಾಡಿದ್ರೆ ಎಲ್ಲವೂ ನಾಲ್ಕು ಪಟ್ಟು. ಟೆಲಿಫೋನ್ ತಂತಿಯಲ್ಲಿ ಹಾಳೆ ಕಳಿಸ್ತಿದ್ದ ಫ್ಯಾಕ್ಸ್ ಕಾಲದಲ್ಲಿ ಇದು ದೊಡ್ಡ ಖರ್ಚು. 1980ರಲ್ಲಿ ಬಂದ ಗ್ರೂಪ್ 3 ಫ್ಯಾಕ್ಸ್ ನಿಯಮ ಎ4 ಅಗಲಕ್ಕೆ 1728 ಚುಕ್ಕಿ ಅಂತ ಗೊತ್ತುಮಾಡಿತು. ಸುಮಾರು 200 ಡಿಪಿಐ. ನಾನು ಒತ್ತಿದ 200 ಕೂಡ ಆ ಕಾಲದ್ದೇ ಲೆಕ್ಕ!

ಫ್ಯಾಕ್ಸ್‌ನಲ್ಲಿ ಒಂದು ಒಳ್ಳೇ ಗುಣ ಇತ್ತು. ಹಾಳಾದ್ರೆ ಹಾಳಾಗಿದ್ದು ಕಣ್ಣಿಗೆ ಕಾಣ್ತಿತ್ತು. ಅಕ್ಷರ ಒಡೆದುಹೋಗ್ತಿತ್ತು, ಗೆರೆ ಬೀಳ್ತಿತ್ತು. ಓದಕ್ಕಾಗ್ತಿಲ್ಲ, ಇನ್ನೊಂದ್ಸಲ ಕಳ್ಸಿ ಅಂತ ಹೇಳಬಹುದಿತ್ತು. 1992ರಲ್ಲಿ ಬಂದ ಜೆಪೆಗ್ ಕೂಡ ಹಾಗೇನೇ. ಜಾಸ್ತಿ ಕುಗ್ಗಿಸಿದ್ರೆ ಚೌಕ ಚೌಕ ಮಬ್ಬು ಕಾಣುತ್ತೆ.

2000ದಲ್ಲಿ ಜೆಬಿಗ್2 ಅನ್ನೋ ಹೊಸ ಪದ್ಧತಿ ಬಂತು. ಇದು ಬುದ್ಧಿವಂತ. ಒಂದು ಪುಟದಲ್ಲಿ ನೂರು ಸಲ 6 ಬಂದ್ರೆ ನೂರು ಸಲ ಯಾಕೆ ಬರೆದಿಡಬೇಕು? ಒಂದೇ 6ನ ಚಿತ್ರ ಇಟ್ಕೊಂಡು, ಮಿಕ್ಕ ಕಡೆ ಅದನ್ನೇ ಅಂಟಿಸಿದ್ರೆ ಆಯ್ತಲ್ಲ? ಅಚ್ಚಿನ ಮೊಳೆ ಇದ್ದ ಹಾಗೆ. ಫೈಲ್ ತುಂಬಾ ಚಿಕ್ಕದಾಗುತ್ತೆ. ತೊಂದರೆ ಒಂದೇ. ಇದು 6 ಅಂತ ಮೆಷಿನ್‌ಗೆ ನಿಜವಾಗಿ ಗೊತ್ತಿರಲ್ಲ. ಎರಡು ಆಕಾರ ಹೆಚ್ಚುಕಮ್ಮಿ ಒಂದೇ ಥರ ಇವೆ ಅನ್ನಿಸಿದ್ರೆ ಒಂದರ ಜಾಗಕ್ಕೆ ಇನ್ನೊಂದನ್ನ ಕೂರಿಸುತ್ತೆ.

ಈಗ 2013ರ ಜುಲೈ, ಜರ್ಮನಿ. ಡೇವಿಡ್ ಕ್ರೀಸೆಲ್ ಅನ್ನೋ ಕಂಪ್ಯೂಟರ್ ವಿಜ್ಞಾನಿ ಕೈಗೆ ಒಂದು ಕಟ್ಟಡದ ನಕ್ಷೆ ಬಂತು. ಅಸಲು ನಕ್ಷೆಯಲ್ಲಿ ಮೂರು ಕೋಣೆಗಳ ಅಳತೆ 14.13, 21.11, 17.42 ಚದರ ಮೀಟರ್. ಸ್ಕ್ಯಾನ್ ಆಗಿ ಬಂದ ಪ್ರತಿಯಲ್ಲಿ ಮೂರಕ್ಕೂ 14.13! ದೊಡ್ಡ ಕೋಣೆಗೂ ಚಿಕ್ಕ ಕೋಣೆಗೂ ಒಂದೇ ಅಳತೆ. ಅಂಕಿಗಳು ಒಂಚೂರೂ ಮಬ್ಬಿಲ್ಲ, ನೀಟಾಗಿ, ಸ್ಪಷ್ಟವಾಗಿ ಇವೆ. ಆದ್ರೆ ಸುಳ್ಳು. ಆಮೇಲೆ ಅಂಕಿಅಂಶದ ಪಟ್ಟಿಗಳನ್ನ ಸ್ಕ್ಯಾನ್ ಮಾಡಿದ್ರೆ ಅಲ್ಲೂ 6 ಇದ್ದ ಕಡೆ 8.

ಮೆಷಿನ್ ಯಾವುದು ಗೊತ್ತಾ? ಝೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್. ನಾವು ನಕಲು ಪ್ರತಿಗೇ 'ಜೆರಾಕ್ಸ್' ಅಂತ ಹೆಸರಿಟ್ಟಿರೋ ಜನ. ಆ ಹೆಸರಿನ ಮೆಷಿನ್ನೇ ನಕಲು ತಪ್ಪು ಮಾಡ್ತಿತ್ತು. ಕಡಿಮೆ ಗುಣಮಟ್ಟದ ಸೆಟ್ಟಿಂಗ್ ಇಟ್ರೆ ಮಾತ್ರ ಹೀಗಾಗುತ್ತೆ ಅಂತ ಕಂಪನಿ ಮೊದ್ಲು ಹೇಳಿತು. ಮೇಲಿನ ಸೆಟ್ಟಿಂಗ್‌ನಲ್ಲೂ ಆಗುತ್ತೆ ಅಂತ ಕ್ರೀಸೆಲ್ ತೋರಿಸಿಕೊಟ್ರು. ಕೊನೆಗೆ ಕಂಪನಿ ಸಾಫ್ಟ್‌ವೇರ್ ದೋಷ ಅಂತ ಒಪ್ಪಿಕೊಂಡು ಸರಿಪಡಿಸೋ ಪ್ಯಾಚ್ ಬಿಟ್ಟಿತು. ಆದ್ರೆ ಅಷ್ಟರಲ್ಲಿ ಆ ದೋಷ ವರ್ಷಗಟ್ಟಲೆ ಮೆಷಿನ್‌ಗಳ ಒಳಗೆ ಕೂತಿತ್ತು. ಪ್ಯಾಚ್ ಹಾಕಿದ್ರೆ ಮುಂದಿನ ಸ್ಕ್ಯಾನ್ ಸರಿಯಾಗಬಹುದು. ಹಿಂದಿನವು? ಕಾಗದ ಇಟ್ಕೊಂಡಿದ್ದವರು ಹೋಲಿಸಿ ನೋಡಬಹುದು. ನನ್ನ ಹಾಗೆ ಗುಜರಿಗೆ ಹಾಕಿದವರು ಏನು ಮಾಡಬೇಕು?

ಜರ್ಮನಿ ಇದನ್ನ ಲಘುವಾಗಿ ತಗೊಳ್ಳಲಿಲ್ಲ. ಅಸಲು ಕಾಗದ ಎಸೆದು ಸ್ಕ್ಯಾನ್ ಪ್ರತಿ ಮಾತ್ರ ಇಟ್ಕೊಳ್ಳೋ ಕೆಲಸಕ್ಕೆ ಜೆಬಿಗ್2 ಬಳಸಲೇಬಾರದು ಅಂತ ಅಲ್ಲಿನ ಮಾಹಿತಿ ಭದ್ರತಾ ಇಲಾಖೆ 2015ರಲ್ಲಿ ಮಾರ್ಗಸೂಚಿ ಹೊರಡಿಸಿತು.

ಇದು ಜರ್ಮನಿ ಕಥೆ, ನಮಗೇನು ಅಂತೀರಾ? 2000ದ ಆಸುಪಾಸಿನಲ್ಲಿ ಕರ್ನಾಟಕದಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದ್ವು. ಅದು ಸ್ಕ್ಯಾನ್ ಅಲ್ಲ, ಕೂತು ಟೈಪ್ ಮಾಡಿದ್ದು. ಕೈಬರಹದ ಪಹಣಿಯ ಕಾಲ ಮುಗೀತು, ಕಂಪ್ಯೂಟರ್ ಪ್ರತಿಯೇ ದಾಖಲೆ ಆಯ್ತು. 'ಪಹಣಿ ತಿದ್ದುಪಡಿ' ಅನ್ನೋ ಮಾತು ಹಳ್ಳಿಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. 6 ಗುಂಟೆ 8 ಗುಂಟೆ ಆದ್ರೆ ಅಣ್ಣತಮ್ಮಂದಿರು ಕೋರ್ಟು ಮೆಟ್ಟಿಲು ಹತ್ತಬೇಕು. ಟೈಪ್ ಮಾಡಿದವರು ತಪ್ಪಿದ್ದಾರೆ ಅಂತ ಯಾರಾದ್ರೂ ಅನುಮಾನ ಪಡ್ತಾರೆ. ಸ್ಕ್ಯಾನ್ ತಪ್ಪಿದೆ ಅಂದ್ರೆ ಯಾರು ನಂಬ್ತಾರೆ?

ಕನ್ನಡ ಅಕ್ಷರದಲ್ಲಂತೂ ಇನ್ನೂ ಹುಷಾರಾಗಿರಬೇಕು. ಪ ಮತ್ತು ಷ ನಡುವೆ ಇರೋದು ಒಂದು ಗೆರೆ. ದ ಮತ್ತು ಧ ನಡುವೆ ಒಂದು ಸೀಳು. ಕಡಿಮೆ ಡಿಪಿಐನಲ್ಲಿ ಆ ಸೀಳು ಮುಚ್ಚಿಹೋದ್ರೆ ಅಜ್ಜ ಬರೆದಿಟ್ಟ 'ಧನ' ಮೊಮ್ಮಗನ ಕಾಲಕ್ಕೆ 'ದನ' ಆಗುತ್ತೆ.

ಸರಿ, ಹಾಗಾದ್ರೆ ಮನೆಯಲ್ಲಿರೋ ಪಾಲುಪತ್ರ, ಮಾರ್ಕ್ಸ್ ಕಾರ್ಡು, ಅಜ್ಜಿಯ ಕಾಗದ ಸ್ಕ್ಯಾನ್ ಮಾಡೋದು ಹೇಗೆ? ಮಾಮೂಲಿ ಅಚ್ಚಿನ ಹಾಳೆಗೆ 300 ಡಿಪಿಐ, ಗ್ರೇ ಸಾಕು. ಸೀಲು, ಬಣ್ಣದ ಶಾಯಿ, ಛಾಪಾ ಕಾಗದ ಇದ್ರೆ ಕಲರ್ರೇ ಆಗಬೇಕು. ಅಕ್ಷರ ಸಣ್ಣದು ಅಥವಾ ಮಾಸಿದ್ದು ಅಂದ್ರೆ 400, ಇಲ್ಲಾ 600. ಏನೂ ಕಳೆದುಕೊಳ್ಳದ ಟಿಫ್ ಅಥವಾ ಪಿಎನ್‌ಜಿ ಪ್ರತಿಯೊಂದನ್ನ ಎತ್ತಿಡಿ. ಬೇರೆಯವರಿಗೆ ಕಳಿಸೋಕೆ ಅದರಿಂದ ಚಿಕ್ಕ ಪಿಡಿಎಫ್ ಮಾಡ್ಕೊಳ್ಳಿ. ಫೋನ್ ಆ್ಯಪ್‌ನ ಬ್ಲ್ಯಾಕ್ ಅಂಡ್ ವೈಟ್ ಫಿಲ್ಟರ್ ನೋಡೋಕೆ ನೀಟು, ಇಟ್ಕೊಳ್ಳೋಕೆ ಬೇಡ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದ್ರೆ ಕುಗ್ಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ.

ಎಲ್ಲಕ್ಕಿಂತ ಮುಖ್ಯ, ಸ್ಕ್ಯಾನ್ ಆದಮೇಲೆ ಐದು ನಿಮಿಷ ಕೂತು ಅಂಕಿಗಳನ್ನ ಅಸಲಿನ ಜೊತೆ ತಾಳೆ ನೋಡಿ. ಲೆಡ್ಜರ್ ಟ್ಯಾಲಿ ಮಾಡೋದನ್ನ ನನಗೆ ಕಾಲೇಜಲ್ಲಿ ಮೂರು ವರ್ಷ ಕಲಿಸಿದ್ರು. ಅವತ್ತು ಆ ಮೆಷಿನ್ ಮುಂದೆ ನಿಂತಾಗ ಅದೊಂದು ನೆನಪಾಗಲಿಲ್ಲ. ನೀವು ನೆನಪಿಟ್ಕೊಳ್ಳಿ. ಮತ್ತೆ, ಕಾಗದನ ಗುಜರಿಗೆ ಹಾಕೋ ಮುಂಚೆ ನನ್ನನ್ನೂ ಸ್ವಲ್ಪ ನೆನಪು ಮಾಡ್ಕೊಳ್ಳಿ.

ಮುಂದಿನ ವಾರ ಸಿಗೋಣ.